ಗೊಡೆಲ್ಲೋ, ಟಾರ್ಸ್ಕಿಯೋ?

ಜನವರಿ 14 ವಿಶ್ವ ತರ್ಕಶಾಸ್ತ್ರ ದಿನ. 2019ರಲ್ಲಿ ಯುನೆಸ್ಕೊ ಘೋಷಿಸಿದ್ದು. ದೊಡ್ಡ ತರ್ಕಶಾಸ್ತ್ರಜ್ಞರಾದ ಆಲ್ಫ್ರೆಡ್ ಟಾರ್ಸ್ಕಿ ಹುಟ್ಟಿದ್ದು (1901), ಕುರ್ಟ್ ಗೊಡೆಲ್ ತೀರಿಕೊಂಡಿದ್ದು (1978) ಎರಡೂ ಅದೇ ದಿನ. ವಿಜಯಪುರದಲ್ಲಿ ಓದುತ್ತಿರುವ ತಂಗಿಯ ಮಗಳು ಅವತ್ತು ಕಾಲೇಜಿನಲ್ಲಿ ಹತ್ತು ನಿಮಿಷ ಮಾತಾಡಬೇಕಂತೆ. "ಮಾಮಾ, ಇಬ್ಬರಲ್ಲಿ ಯಾರನ್ನ ಹಿಡೀಲಿ?"

ಕಥೆ ಬೇಕಿದ್ದರೆ ಗೊಡೆಲ್. ವಿಷ ಹಾಕುತ್ತಾರೆಂಬ ಭಯಕ್ಕೆ ಹೆಂಡತಿ ಕೊಟ್ಟದ್ದನ್ನಷ್ಟೇ ನಂಬಿ ಉಣ್ಣುತ್ತಿದ್ದರು. ಆಕೆ ಆಸ್ಪತ್ರೆ ಸೇರಿದಾಗ ಊಟವೇ ನಿಂತು ಸೊರಗಿ ಹೋದರು. ಸಭೆ ಗಪ್‌ಚುಪ್ ಆಗುತ್ತದೆ, ನಿಜ. ಆದರೆ ಅವರ 1931ರ ಅಪೂರ್ಣತೆಯ ಪ್ರಮೇಯ (ಅಂಕಗಣಿತಕ್ಕೆ ಸಾಲುವ, ತನ್ನೊಳಗೆ ವಿರೋಧವಿಲ್ಲದ ಯಾವ ನಿಯಮಗಳ ಕಟ್ಟಿನಲ್ಲೂ ಸಾಧಿಸಲಾಗದ ನಿಜಗಳು ಉಳಿಯುತ್ತವೆ ಎಂಬುದು) ಹತ್ತು ನಿಮಿಷಕ್ಕೆ ದಕ್ಕುವುದಿಲ್ಲ. ಅರ್ಧಂಬರ್ಧ ಹೇಳಿದರೆ ಕೇಳಿದವರು "ಹಾಗಾದ್ರೆ ಗಣಿತವೇ ಸುಳ್ಳು" ಅಂತ ಎದ್ದು ಹೋಗುತ್ತಾರೆ.

ಟಾರ್ಸ್ಕಿ ಸುಲಭ. "ಹಿಮ ಬೆಳ್ಳಗಿದೆ" ಅನ್ನುವ ಮಾತು ನಿಜವಾಗುವುದು ಹಿಮ ಬೆಳ್ಳಗಿದ್ದರೆ, ಇದ್ದರೆ ಮಾತ್ರ. ನಮ್ಮೂರ ಬಿಸಿಲಲ್ಲಿ ಹಿಮ ಎಲ್ಲಿ ತರೋದು? ಜೋಳದ ರೊಟ್ಟಿ ಅಂದರಾಯಿತು. ಮಕ್ಕಳ ಮಾತಿನಂತಿದೆ ಅಲ್ವಾ? ಆಮೇಲೆ "ನಾನೀಗ ಹೇಳುತ್ತಿರುವುದು ಸುಳ್ಳು" ಅಂತ ಒಂದು ಎಸೆಯಬೇಕು. ನಿಜ ಅಂದರೆ ಸುಳ್ಳಾಗುತ್ತದೆ, ಸುಳ್ಳು ಅಂದರೆ ನಿಜವಾಗುತ್ತದೆ. ಈ ಗಂಟಿನಿಂದ ಹೊರಬರಲು, ಒಂದು ಭಾಷೆಯ ಸತ್ಯವನ್ನು ಅದರ ಮೇಲಿನ ಇನ್ನೊಂದು ಭಾಷೆಯಲ್ಲಿ ನಿಂತು ಹೇಳಬೇಕು ಎಂಬುದು ಟಾರ್ಸ್ಕಿ ಕೊಟ್ಟ ದಾರಿ.

ನನ್ನ ವೋಟು ಟಾರ್ಸ್ಕಿಗೆ. ಅವಳಿಗೆ ಮಾತ್ರ ಇನ್ನೂ ಗೊಡೆಲ್ ಕಥೆಯ ಮೇಲೇ ಆಸೆ.