ಕ್ಯಾಂಪ್‌ಗ್ರೌಂಡಿನ ಲೋ ವೋಲ್ಟೇಜ್: ಇಎಂಎಸ್, ಬೂಸ್ಟರ್, ಜನರೇಟರ್, ಯಾವುದಕ್ಕೆ ದುಡ್ಡು ಹಾಕಬೇಕು?

ನಮ್ಮದು ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೆ ವಾಸ ಮಾಡುವಂಥ 30 ಆಂಪ್ ಟ್ರೇಲರ್. ಇರುವುದು ಟೆಕ್ಸಸ್‌ನಲ್ಲಿ, ಹಾಗಾಗಿ ಬೇಸಿಗೆಯಲ್ಲಿ ಎಸಿ ಇಲ್ಲದೆ ಅದರೊಳಗೆ ಕೂರುವ ಮಾತೇ ಇಲ್ಲ. ಕ್ಯಾಂಪ್‌ಗ್ರೌಂಡಿನ ಪೆಡೆಸ್ಟಲ್‌ಗೆ, ಅಂದರೆ ಸೈಟಿನ ಕರೆಂಟ್ ಕಂಬಕ್ಕೆ, ಪ್ಲಗ್ ಹಾಕಿದರೆ 120 ವೋಲ್ಟ್ ಬರಬೇಕು. ಬರುತ್ತದೆ, ಬೆಳಗ್ಗೆ. ಮಧ್ಯಾಹ್ನ ಮೂರರ ಹೊತ್ತಿಗೆ ಸಾಲಿನಲ್ಲಿರುವ ಎಲ್ಲರೂ ಎಸಿ ಹಾಕಿರುತ್ತಾರೆ. ಆಗ 108, 105 ಅಂತ ಇಳಿಯುತ್ತಾ ಹೋಗುತ್ತದೆ. ಹಳೇ ಖಾಸಗಿ ಪಾರ್ಕುಗಳಲ್ಲಿ ಇದು ಮಾಮೂಲು.

ಲೋ ವೋಲ್ಟೇಜ್ ಏನು ಮಾಡುತ್ತದೆ ಅಂತ ಊರಿನಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಹೇಳಬೇಕಿಲ್ಲ. ವೋಲ್ಟೇಜ್ ಇಳಿದಷ್ಟೂ ಮೋಟರ್ ಜಾಸ್ತಿ ಆಂಪ್ಸ್ ಎಳೆಯುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ಎಸಿ ಕಂಪ್ರೆಸರ್ ಒಳಗಿರುವುದೂ ಮೋಟರೇ. ಊರಲ್ಲಾದರೆ ರಿವೈಂಡಿಂಗ್ ಅಂಗಡಿಗೆ ಒಯ್ಯಬಹುದು. ಇಲ್ಲಿ ಟ್ರೇಲರ್ ಮೇಲಿನ ಎಸಿಯನ್ನೇ ಬದಲಿಸಬೇಕಾಗುತ್ತದೆ.

ಎಲ್ಲರೂ ಮೊದಲು ಕೊಳ್ಳುವುದು ಅಗ್ಗದ ಸರ್ಜ್ ಪ್ರೊಟೆಕ್ಟರ್. ಸಿಡಿಲಿನಿಂದ, ಗ್ರಿಡ್ಡಿನಿಂದ ಥಟ್ಟನೆ ಏರಿ ಬರುವ ವೋಲ್ಟೇಜನ್ನು ಅದು ತಡೆಯುತ್ತದೆ. ಆದರೆ 102 ವೋಲ್ಟ್ ಬಂದರೂ ಒಳಗೆ ಬಿಟ್ಟುಕೊಂಡು ಸುಮ್ನೆ ಕೂರುತ್ತದೆ. ಕ್ಯಾಂಪ್‌ಗ್ರೌಂಡಿನ ದಿನನಿತ್ಯದ ಕಾಟ ಲೋ ವೋಲ್ಟೇಜ್ ಆದ್ದರಿಂದ, ಇದೊಂದನ್ನೇ ನಂಬಿಕೊಳ್ಳುವುದು ನನ್ನ ಮಟ್ಟಿಗೆ ದಂಡ.

ಇಎಂಎಸ್, ಅಂದರೆ ಕರೆಂಟನ್ನು ಪರೀಕ್ಷಿಸಿ ಒಳಗೆ ಬಿಡುವ ಪೆಟ್ಟಿಗೆ, ಬೇರೆ ಜಾತಿ. ನಾನು ಬಳಸುವುದು ಪ್ರೋಗ್ರೆಸಿವ್ ಇಂಡಸ್ಟ್ರೀಸ್‌ನ 30 ಆಂಪ್ ಮಾಡೆಲ್. ಪೆಡೆಸ್ಟಲ್‌ಗೆ ಸಿಕ್ಕಿಸಿದ ಕೂಡಲೇ ಕರೆಂಟ್ ಬಿಡುವುದಿಲ್ಲ. ಅರ್ಥಿಂಗ್ ಇದೆಯಾ, ಲೈನು-ನ್ಯೂಟ್ರಲ್ ಅದಲುಬದಲಾಗಿದೆಯಾ, ವೋಲ್ಟೇಜ್ ಎಷ್ಟು ಅಂತ ನೋಡಿಕೊಂಡು, 2 ನಿಮಿಷ ಚಿಲ್ಲರೆ ಕಾದು, ಆಮೇಲೆ ಒಳಗೆ ಬಿಡುತ್ತದೆ. ಆಗ ತಾನೇ ನಿಂತ ಕಂಪ್ರೆಸರ್ ಮತ್ತೆ ತಕ್ಷಣ ಓಡಬಾರದು, ಅದಕ್ಕೇ ಈ ಕಾಯುವಿಕೆ. 104 ವೋಲ್ಟ್‌ಗಿಂತ ಇಳಿದರೂ ಕಟ್, 132 ದಾಟಿದರೂ ಕಟ್. ಅರ್ಥಿಂಗ್ ಪರೀಕ್ಷೆಯನ್ನು ಹಗುರವಾಗಿ ನೋಡಬೇಡಿ. ಅರ್ಥಿಂಗ್ ಇಲ್ಲದ ಕಡೆ ಟ್ರೇಲರ್ ಬಾಡಿಗೇ ಕರೆಂಟ್ ಬಂದು ಬಾಗಿಲ ಹಿಡಿ ಮುಟ್ಟಿದರೆ ಜುಮ್ ಎನ್ನುತ್ತದೆ. ಒದ್ದೆ ನೆಲ, ಬರಿಗಾಲಿನ ಮಕ್ಕಳು ಇದ್ದರಂತೂ ಆಟವಲ್ಲ.

ಇದರ ಕೊರತೆಯೂ ಇಲ್ಲೇ ಇದೆ. ಕಟ್ ಮಾಡುತ್ತದೆಯೇ ಹೊರತು ಕರೆಂಟನ್ನು ಸರಿ ಮಾಡುವುದಿಲ್ಲ. ಡಿಸ್‌ಪ್ಲೇನಲ್ಲಿ ಇ4 ಬಂತು ಅಂದರೆ ವೋಲ್ಟೇಜ್ ಬಿದ್ದಿದೆ, ಎಸಿ ನಿಂತಿದೆ, ಹೊರಗೆ 100 ಡಿಗ್ರಿ ಫ್ಯಾರನ್‌ಹೀಟ್, ಒಳಗೆ ಮನೆಮಂದಿ ನಿಮ್ಮ ಮುಖ ನೋಡುತ್ತಿದ್ದಾರೆ. ಆದರೂ ಬೆವರಿದರೆ ಸಂಜೆ ಸ್ನಾನ ಮಾಡಬಹುದು, ಕಂಪ್ರೆಸರ್ ಸುಟ್ಟರೆ ಏನು ಮಾಡುತ್ತೀರಿ? 50 ಆಂಪ್ ಗಾಡಿಯವರಿಗಂತೂ ಇಎಂಎಸ್ ಬೇಕೇ ಬೇಕು. ಅವರಿಗೆ ಎರಡು 120 ವೋಲ್ಟ್ ಲೈನ್ ಬರುತ್ತವೆ. ನ್ಯೂಟ್ರಲ್ ಕಟ್ ಆದರೆ ಒಂದು ಬದಿಯ ಸಾಮಾನಿಗೆ 200ರ ಆಸುಪಾಸು ನುಗ್ಗಬಹುದು. ಊರಲ್ಲಿ ನ್ಯೂಟ್ರಲ್ ಹೋಗಿ ಬೀದಿಯ ಟಿವಿಗಳೆಲ್ಲ ಸುಟ್ಟ ಕಥೆ ಕೇಳಿರುತ್ತೀರಲ್ಲ, ಅದೇ.

ಹಾಗಾದರೆ ಕರೆಂಟ್ ಸರಿ ಮಾಡುವ ಪೆಟ್ಟಿಗೆ ಇಲ್ಲವೇ? ಇದೆ, ಆಟೋಫಾರ್ಮರ್, ಅಂದರೆ ಬೂಸ್ಟರ್. ನಮ್ಮ ಮನೆಗಳಲ್ಲಿ ಫ್ರಿಜ್ ಪಕ್ಕ ಟಿಕ್ ಟಿಕ್ ಅನ್ನುವ ಸ್ಟೆಬಿಲೈಸರ್‌ನ ಅಣ್ಣ ಅನ್ನಿ. ಗೆಳೆಯರೊಬ್ಬರ ಹ್ಯೂಸ್ ಕಂಪನಿಯ ಬೂಸ್ಟರ್ ತಂದು ನೋಡಿದೆ. ವೋಲ್ಟೇಜ್ ಇಳಿದಾಗ ಶೇಕಡಾ 10ರಷ್ಟು ಏರಿಸುತ್ತದೆ: 106 ಬಂದರೆ ಒಳಗೆ 116ರ ಸುಮಾರು. ಎಸಿಯ ಸದ್ದೇ ಬದಲಾಯಿತು, ತಿಣುಕಾಟ ನಿಂತಿತು. ಆರಾಮದ ಲೆಕ್ಕದಲ್ಲಿ ಇದಕ್ಕೆ ಸಾಟಿ ಇಲ್ಲ.

ಆದರೂ ನಾನು ಕೊಳ್ಳಲಿಲ್ಲ. ಏರಿಸಿದ ವೋಲ್ಟೇಜ್ ಆಕಾಶದಿಂದ ಬರುವುದಿಲ್ಲ ಅಲ್ವಾ? ಪೆಡೆಸ್ಟಲ್‌ನಿಂದ ಆಂಪ್ಸ್ ಜಾಸ್ತಿ ಎಳೆದುಕೊಂಡೇ ಅದು ಏರಿಸಬೇಕು. ಒಳಗೆ 27 ಆಂಪ್ ಬಳಸಿದರೆ ಹೊರಗಿನ 30ರ ಬ್ರೇಕರ್ ತುಂಬಿಹೋಯಿತು. ಅದೇ ಸಾಲಿನ ಪಕ್ಕದವರಿಗೆ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಅವರೂ ಒಂದು ಬೂಸ್ಟರ್ ತಂದರೆ? ಕೆಲವು ಪಾರ್ಕಿನವರು ಬೂಸ್ಟರ್ ಬೇಡ ಅನ್ನುವುದು ಇದಕ್ಕೇ. ಸಾಲದ್ದಕ್ಕೆ, ಎತ್ತಿ ಇಳಿಸಲು ಭಾರ.

ಜನರೇಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೋಂಡಾ ಇಯು2200ಐ ಸತತವಾಗಿ ಕೊಡುವುದು 1,800 ವ್ಯಾಟ್. 13,500 ಬಿಟಿಯು ಎಸಿ ಓಡುವಾಗ ಅದು ಸಾಕು, ಸ್ಟಾರ್ಟ್ ಆಗುವ ಕ್ಷಣಕ್ಕೆ ಸಾಲದು. ಎಸಿಗೆ ಸಾಫ್ಟ್ ಸ್ಟಾರ್ಟರ್ (ಶುರುವಾಗುವಾಗಿನ ಎಳೆತ ತಗ್ಗಿಸುವ ಸಾಧನ) ಹಾಕಿಸಿದ ಮೇಲೆ ನಮ್ಮದು ತಕರಾರಿಲ್ಲದೆ ಶುರುವಾಗುತ್ತದೆ. ಆದರೆ ಬಾಡಿಗೆ ಕೊಟ್ಟ ಸೈಟಿನಲ್ಲಿ ಪೆಟ್ರೋಲ್ ಸುಡುವುದು ಹೊಟ್ಟೆ ಉರಿಸುವ ಕೆಲಸ. ಪ್ಲಗ್ಗೇ ಇಲ್ಲದ ಕಡೆ ಇದು ನಿಜಕ್ಕೂ ಬೇಕು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕಿನೊಳಗಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಹುಕಪ್ (ಸೈಟಿಗೆ ಕರೆಂಟ್, ನೀರಿನ ಸಂಪರ್ಕ) ಇಲ್ಲ, ಜನರೇಟರ್ ಓಡಿಸಲು ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂತ ಎರಡೆರಡು ಗಂಟೆ ಮಾತ್ರ. ಇನ್ನು 100 ಆಂಪ್-ಅವರ್ ಲಿಥಿಯಂ ಬ್ಯಾಟರಿ ದೀಪ, ಫ್ಯಾನಿಗೆ ಚೆನ್ನ. ಎಸಿ ಹಾಕಿದರೆ ಒಂದು ಗಂಟೆಯೊಳಗೆ ಮುಗಿಯಿತು.

ದುಡ್ಡು ಕೊಡದೇ ಸಿಗುವ ಉಪಾಯವೊಂದಿದೆ, ಅದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ವಾಟರ್ ಹೀಟರನ್ನು ಕರೆಂಟಿನಿಂದ ಗ್ಯಾಸ್‌ಗೆ ತಿರುಗಿಸಿ. ಅದೊಂದೇ 12 ಆಂಪ್ ಹತ್ತಿರ ತಿನ್ನುತ್ತದೆ. ಫ್ರಿಜ್ ಗ್ಯಾಸಿನಲ್ಲೂ ಓಡುವಂಥದ್ದಾದರೆ ಅದನ್ನೂ ತಿರುಗಿಸಿ. ಪೆಡೆಸ್ಟಲ್‌ವರೆಗಿನ ವಯರಿನ ಮೇಲೆ ನಮ್ಮ ಹೊರೆ ಇಳಿದ ಹಾಗೆ ವೋಲ್ಟೇಜ್ ಎರಡು ಮೂರು ಅಂಕ ಮೇಲೆ ಬರುವುದು ಡಿಸ್‌ಪ್ಲೇನಲ್ಲೇ ಕಾಣುತ್ತದೆ. 105ರಲ್ಲಿ ತೂಗಾಡುತ್ತಿರುವಾಗ ಆ ಎರಡು ಮೂರು ಅಂಕವೇ ಎಸಿಯನ್ನು ಉಳಿಸುತ್ತದೆ.

ಹಾಗಾಗಿ ನನ್ನ ಕ್ರಮ: ಮೊದಲು ಇಎಂಎಸ್, ಆಮೇಲೆ ಸಾಫ್ಟ್ ಸ್ಟಾರ್ಟರ್, ಊರೂರು ಸುತ್ತುವವರಾದರೆ ಜನರೇಟರ್. ಬೂಸ್ಟರ್, ಒಂದೇ ಹಳೇ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಇರುವವರು ಆಫೀಸಿನಲ್ಲಿ ಕೇಳಿಕೊಂಡು ಯೋಚಿಸಲಿ. ಜೊತೆಗೆ 50ರಿಂದ 30ಕ್ಕೆ ಇಳಿಸುವ ಅಡಾಪ್ಟರ್ ಒಂದಿರಲಿ, ಬೆಲೆ ಕಡಿಮೆ. 30ರ ಸಾಕೆಟ್ ಎಲ್ಲರ ಪ್ಲಗ್ ತಿಂದು ಸಡಿಲವಾಗಿರುತ್ತದೆ, ಪಕ್ಕದ 50ರದ್ದು ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಅದನ್ನು ಮುಟ್ಟಲೇಬೇಡಿ. ಟ್ರೇಲರ್ ಬಿಚ್ಚುವ ಮೊದಲೇ ಆಫೀಸಿಗೆ ಹೋಗಿ ಬೇರೆ ಸೈಟ್ ಕೇಳಿ. ವಾರದ ನಡುವಿನ ದಿನಗಳಲ್ಲಿ ಸಾಮಾನ್ಯವಾಗಿ ಕೊಡುತ್ತಾರೆ.