ಸ್ಕ್ರೂ ಚಾಕುವೋ, ರಿವೆಟ್ ಚಾಕುವೋ?

ಮಡಚುವ ಚಾಕು ಕೊಳ್ಳುವಾಗ ಎಲ್ಲರೂ ಅಲಗು ನೋಡುತ್ತಾರೆ. ನಾನು ಮೊದಲು ಕೀಲು ನೋಡಿ ಅನ್ನುತ್ತೇನೆ.

ವಿಕ್ಟೋರಿನಾಕ್ಸ್‌ನ ಸ್ವಿಸ್ ಆರ್ಮಿ ಚಾಕುವಿನ ಕೀಲಿಗೆ ರಿವೆಟ್, ಅಂದರೆ ತುದಿ ಬಡಿದು ಕೂರಿಸಿದ ಲೋಹದ ಮೊಳೆ, ಹೊಡೆದಿರುತ್ತದೆ. ಅದನ್ನು ಬಿಚ್ಚುವ ಹಾಗಿಲ್ಲ, ಬಿಚ್ಚುವ ಅಗತ್ಯವೂ ಇಲ್ಲ. ಬೆಚ್ಚಗಿನ ನೀರಲ್ಲಿ ಮುಳುಗಿಸಿ ನಾಲ್ಕಾರು ಸಲ ತೆರೆದು ಮುಚ್ಚಿ. ಚೆನ್ನಾಗಿ ಒಣಗಿಸಿ ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಮುಗೀತು. ಅಡುಗೆ ಎಣ್ಣೆ ಮಾತ್ರ ಬೇಡ, ಅಂಟಾಗುತ್ತದೆ. ಮರದ ಹಿಡಿಯದ್ದನ್ನು ನೆನೆಸಲೂ ಬೇಡಿ.

ಇನ್ನು ಸ್ಕ್ರೂ ಇರುವ ಲೈನರ್ ಲಾಕ್ ಚಾಕು, ಅಂದರೆ ತೆರೆದ ಅಲಗು ಮಡಚದಂತೆ ಹಿಡಿಯೊಳಗಿನ ಲೋಹದ ಪಟ್ಟಿ ತಡೆದು ನಿಲ್ಲಿಸುವ ಚಾಕು. ಅದನ್ನು ಬಿಚ್ಚಿದರೆ ಅಲಗಿನ ಎರಡೂ ಬದಿಗೆ ಸಾಮಾನ್ಯವಾಗಿ ತೆಳು ವಾಷರ್‌ಗಳು (ಬಳೆಯಂಥ ಬಿಲ್ಲೆಗಳು) ಕಾಣುತ್ತವೆ. ಮರಳು, ಹಳೇ ಗ್ರೀಸ್ ಸೇರಿ ಕಪ್ಪು ಕಟ್ಟುವುದು ಅಲ್ಲೇ. ಒರೆಸುವುದು ಸುಲಭ. ಕಷ್ಟ ಇರುವುದು ಮತ್ತೆ ಕೀಲು ಬಿಗಿಯುವಾಗ. ಜಾಸ್ತಿ ಬಿಗಿದರೆ ಅಲಗು ಸರಾಗವಾಗಿ ತೆರೆಯುವುದಿಲ್ಲ, ಸಡಿಲ ಬಿಟ್ಟರೆ ಅಕ್ಕಪಕ್ಕ ಅಲುಗಾಡುತ್ತದೆ. ಕೂದಲೆಳೆಯಷ್ಟು ತಿರುಗಿಸಿ, ತೆರೆದು ನೋಡಿ, ಮತ್ತೆ ತಿರುಗಿಸಬೇಕು. ಸರಿಯಾದ ಟಾರ್ಕ್ಸ್ ಬಿಟ್ (ನಕ್ಷತ್ರದಾಕಾರದ ಸ್ಕ್ರೂಡ್ರೈವರ್ ತುದಿ), ಸಾಮಾನ್ಯವಾಗಿ ಟಿ6 ಅಥವಾ ಟಿ8 ಅಳತೆಯದು, ಇಲ್ಲದೆ ಕೈ ಹಾಕಬೇಡಿ. ಬಿಚ್ಚಿದರೆ ವಾರಂಟಿ ರದ್ದು ಮಾಡುವ ಕಂಪನಿಗಳೂ ಇವೆ, ಚೀಟಿ ಓದಿಕೊಳ್ಳಿ.

ತೋಟದ ಕೆಸರು, ಮರಳಿನಲ್ಲಿ ದಿನಾ ಬಳಸುವುದಾದರೆ ಸ್ಕ್ರೂ ಚಾಕುವೇ ಸರಿ. ಹಣ್ಣು ಹೆಚ್ಚಲು, ಪ್ರಯಾಣಕ್ಕೆ ಅಷ್ಟೆಲ್ಲಾ ಬೇಕಿಲ್ಲ ಅಲ್ವಾ? ಸುಮ್ನೆ ರಿವೆಟ್ಟಿನದು ತಗೊಳ್ಳಿ.