ಕಂದು ಸ್ಟಿಕ್ಕರಿನ 312: ಅಪ್ಪನ ಕಿವಿ ಮೆಷಿನಿನ ಬ್ಯಾಟರಿ, ಒಂದು ಮಳೆಗಾಲ ಬಳಸಿ ನೋಡಿದ್ದು

ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಪವರ್ ಒನ್ 312 ಒಳ್ಳೆಯ ಬ್ಯಾಟರಿ, ಧೈರ್ಯವಾಗಿ ತೆಗೆದುಕೊಳ್ಳಿ. ಆದರೆ ತಾರೀಕು ನೋಡಿ ತೆಗೆದುಕೊಳ್ಳಿ, ಸ್ಟಿಕ್ಕರ್ ಕಿತ್ತ ಮೇಲೆ ಐದು ನಿಮಿಷ ಕಾಯಿರಿ. ಈ ಎರಡು ಗೊತ್ತಿಲ್ಲದೆ ನಾವು ಒಂದು ವರ್ಷ ಸುಮ್ನೆ ದುಡ್ಡು ಹಾಳು ಮಾಡಿದ್ದೇವೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಪ್ಪನಿಗೆ ಈಗ 78. ಬಲಕಿವಿಗೆ ಮಾತ್ರ ಮೆಷಿನ್, ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿ ಹಾಕಿಸಿದ್ದು. ಅದಕ್ಕೆ ಬೇಕಾದದ್ದು 312 ನಂಬ್ರದ ಬ್ಯಾಟರಿ. ಅಡ್ಡಳತೆ 7.9 ಮಿಲಿಮೀಟರ್, ದಪ್ಪ 3.6. ಅಂಗೈಯಲ್ಲಿ ಇಟ್ಟರೆ ದೊಡ್ಡ ಉದ್ದಿನ ಕಾಳಿನ ಹಾಗೆ ಕಾಣುತ್ತದೆ.

ಕಳೆದ ವರ್ಷ ಒಂದು ದಿನ ಮನೆಯಲ್ಲಿ ಬ್ಯಾಟರಿ ಮುಗಿದಿತ್ತು. ಪೇಟೆಯ ಒಂದು ಅಂಗಡಿಗೆ ಹೋಗಿ ಹಳೆಯದನ್ನು ತೋರಿಸಿದೆ. ಅವರು ಡ್ರಾಯರಿನಿಂದ ಒಂದು ಗುಂಡು ಬ್ಯಾಟರಿ ತೆಗೆದು ಹಳೆಯದರ ಪಕ್ಕದಲ್ಲಿ ಇಟ್ಟು ತೋರಿಸಿದರು. ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ. "ಸೇಮ್ ಸೈಜ್, ಧೈರ್ಯವಾಗಿ ಹಾಕಿ" ಅಂದರು, ಬೆಲೆಯೂ ಕಡಿಮೆ. ಊಟಕ್ಕೆ ಮೊದಲು ಹಾಕಿದೆ, ಅಪ್ಪನಿಗೆ ಚೆನ್ನಾಗಿಯೇ ಕೇಳಿತು. ಆ ರಾತ್ರಿ ದೇವಸ್ಥಾನದಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇತ್ತು, ಅಪ್ಪ ವಾರದಿಂದ ಕಾಯುತ್ತಿದ್ದದ್ದು. ಕೃಷ್ಣನ ಮಾತು ಮುಗಿದು ಕೌರವ ಉತ್ತರ ಕೊಡಲು ಶುರು ಮಾಡುವ ಹೊತ್ತಿಗೆ ಅವರು ನನ್ನ ಮೊಣಕೈ ಹಿಡಿದು ಕೇಳಿದರು, "ಮೈಕ್ ಹೋಯಿತಾ?"

ಮೈಕ್ ಹೋಗಿರಲಿಲ್ಲ. ಆಮೇಲೆ ಎರಡು ಗಂಟೆ ಅವರು ಅರ್ಥಧಾರಿಗಳ ಮುಖ ನೋಡುತ್ತಾ ಕುಳಿತರು. ಜನ ನಕ್ಕಾಗ ನನ್ನ ಕಡೆ ತಿರುಗುತ್ತಿದ್ದರು, ನಾನು ಕಿವಿಯ ಹತ್ತಿರ ಬಗ್ಗಿ ಹೇಳಲು ನೋಡುತ್ತಿದ್ದೆ, ಅಷ್ಟರಲ್ಲಿ ಮುಂದಿನ ಮಾತು ಬಂದಿರುತ್ತಿತ್ತು. ಆ ರಾತ್ರಿಯನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಮರುದಿನ ಬ್ಯಾಟರಿಯ ಬೆನ್ನು ನೋಡಿದೆ. ಎಲ್‌ಆರ್41 ಅಂತ ಇತ್ತು. 312ಕ್ಕೆ ಇನ್ನೊಂದು ಹೆಸರು ಪಿಆರ್41. ವ್ಯತ್ಯಾಸ ಒಂದೇ ಅಕ್ಷರದ್ದು, ಆದರೆ ಒಳಗಿರುವ ಸರಕೇ ಬೇರೆ. ಎಲ್ ಅಂದರೆ ಆಲ್ಕಲೈನ್, ಆಟಿಕೆಗೆ, ಥರ್ಮಾಮೀಟರಿಗೆ ಹಾಕುವಂಥದ್ದು. ಎಸ್ ಅಂದರೆ ಸಿಲ್ವರ್ ಆಕ್ಸೈಡ್, ವಾಚಿನದ್ದು. ಪಿ ಅಂದರೆ ಜಿಂಕ್ ಏರ್, ಅದು ಗಾಳಿ ಕುಡಿದು ಕೆಲಸ ಮಾಡುವ ಬ್ಯಾಟರಿ. ಮೂರೂ ಒಂದೇ ಗಾತ್ರ. ಆದರೆ ಎಸ್‌ಆರ್41ರಲ್ಲಿ ಸುಮಾರು 45 ಮಿಲಿಆಂಪ್ ಅವರ್ (ಬ್ಯಾಟರಿ ಒಟ್ಟು ಎಷ್ಟು ಕರೆಂಟ್ ಕೊಡುತ್ತದೆ ಅನ್ನುವ ಲೆಕ್ಕ) ಇದ್ದರೆ, ಎಲ್‌ಆರ್41ರಲ್ಲಿ ಅದಕ್ಕಿಂತಲೂ ಕಡಿಮೆ. ಪಿಆರ್41ರಲ್ಲಿ ಸುಮಾರು 180. ಆಲ್ಕಲೈನ್ ಬಳಸುತ್ತಾ ಹೋದ ಹಾಗೆ ವೋಲ್ಟೇಜೂ ಇಳಿಯುತ್ತಾ ಬರುತ್ತದೆ, ಮೆಷಿನಿಗೆ ಅದು ಸಾಕಾಗುವುದಿಲ್ಲ. ಜಿಂಕ್ ಏರ್ ಕೊನೆಯವರೆಗೂ ಒಂದೇ ಸಮ ನಡೆದು ಆಮೇಲೆ ಒಮ್ಮೆಲೇ ನಿಲ್ಲುತ್ತದೆ.

ಇಷ್ಟು ಚಿಕ್ಕದರಲ್ಲಿ ನಾಲ್ಕು ಪಟ್ಟು ಹೇಗೆ ಹಿಡಿಸಿದರು ಅಂತ ನನಗೆ ತುಂಬಾ ಆಶ್ಚರ್ಯ ಆಯಿತು, ಹಾಗಾಗಿ ಹುಡುಕಿ ಓದಿದೆ. ಉಪಾಯ ಚೆಂದ ಉಂಟು. ಬೇರೆ ಬ್ಯಾಟರಿಗಳಲ್ಲಿ ಅರ್ಧಕ್ಕರ್ಧ ಜಾಗ ಪ್ಲಸ್ ಕಡೆಯ ಪುಡಿಗೇ ಹೋಗುತ್ತದೆ. ಇದರಲ್ಲಿ ಆ ಕೆಲಸವನ್ನು ಗಾಳಿಯ ಆಮ್ಲಜನಕ ಮಾಡುತ್ತದೆ, ಅದನ್ನು ಒಳಗೆ ತುಂಬಿಸಿ ಇಡಬೇಕಾಗಿಲ್ಲ ಅಲ್ವಾ. ಪ್ಲಸ್ ಕಡೆ ಒಂದು ತೆಳು ಪದರ ಮಾತ್ರ: ಇಂಗಾಲ, ಸ್ವಲ್ಪ ಮ್ಯಾಂಗನೀಸ್ ಆಕ್ಸೈಡ್, ನಿಕ್ಕಲ್ ಜಾಲರಿ, ಅದರ ಹೊರಗೆ ಗಾಳಿಯನ್ನು ಬಿಟ್ಟು ದ್ರವವನ್ನು ತಡೆಯುವ ಟೆಫ್ಲಾನ್ ಹಾಳೆ. ಉಳಿದ ಜಾಗಕ್ಕೆಲ್ಲ ಕ್ಷಾರದಲ್ಲಿ ಕಲಸಿದ ಸತುವಿನ ಪುಡಿ. ಆದರೂ ಪೂರ್ತಿ ತುಂಬಿಸುವುದಿಲ್ಲ, ಯಾಕೆಂದರೆ ಸತು ಆಕ್ಸೈಡ್ ಆಗುವಾಗ ಉಬ್ಬುತ್ತದೆ. ಮುಚ್ಚಳ ಮತ್ತು ಡಬ್ಬಿಯ ನಡುವೆ ನೈಲಾನಿನ ಬಳೆ ಇಟ್ಟು ಅಂಚನ್ನು ಒಳಕ್ಕೆ ಮಡಚಿ ಒತ್ತುತ್ತಾರೆ. ಆ ಮಡಚುವಿಕೆಯೇ ಎಲ್ಲದಕ್ಕಿಂತ ಕಷ್ಟದ ಕೆಲಸ, ಯಾಕೆಂದರೆ ಈ ಕ್ಷಾರ ಲೋಹದ ಮೇಲೆ ಮೆಲ್ಲ ತೆವಳುತ್ತದೆ. ಸಡಿಲವಾದರೆ ಅಂಚಿನಲ್ಲಿ ಬಿಳಿ ಪುಡಿ ಬರುತ್ತದೆ. ಪವರ್ ಒನ್ ಜರ್ಮನಿಯ ವಾರ್ಟಾ ಕಂಪನಿಯದ್ದು. ಬಳಸಿ ಬಿಸಾಡಿದ ಒಂದೊಂದನ್ನೂ ನಾನು ಲೆನ್ಸ್ ಹಿಡಿದು ನೋಡಿದ್ದೇನೆ, ಇಲ್ಲಿವರೆಗೆ ಒಂದರಲ್ಲೂ ಆ ಬಿಳಿ ಕಂಡಿಲ್ಲ. ಪಾದರಸವೂ ಇಲ್ಲ. ಮೊದಲು ಇಂಥ ಬ್ಯಾಟರಿಗಳಿಗೆ ಸ್ವಲ್ಪ ಪಾದರಸ ಸೇರಿಸುತ್ತಿದ್ದರು, ಯುರೋಪಿನಲ್ಲಿ 2015ರ ಅಕ್ಟೋಬರಿನಿಂದ ಅದನ್ನು ನಿಲ್ಲಿಸಿದ್ದಾರೆ.

ಇನ್ನು ಆ ಕಂದು ಸ್ಟಿಕ್ಕರ್. ಅದರ ಅಡಿಯಲ್ಲಿ ಸೂಜಿಮೊನೆಯಂಥ ತೂತುಗಳಿವೆ. ಕಿತ್ತ ಕೂಡಲೇ ಮೆಷಿನಿಗೆ ಹಾಕಿ ಬಾಗಿಲು ಮುಚ್ಚಬೇಡಿ, ನಾವು ಮಾಡುತ್ತಿದ್ದ ತಪ್ಪೇ ಅದು. ಪಂಪಿನ ವಯರಿಂಗ್ ನೋಡಲು ಇಟ್ಟ ಮಲ್ಟಿಮೀಟರಿನಲ್ಲಿ ಅಳೆದೆ: ಕಿತ್ತಾಗ 1.25 ವೋಲ್ಟಿನ ಹತ್ತಿರ, ಮೇಜಿನ ಮೇಲೆ ಐದು ನಿಮಿಷ ಬಿಟ್ಟಾಗ 1.4 ದಾಟಿತು. ಒಮ್ಮೆ ಕಿತ್ತ ಮೇಲೆ ಪುನಃ ಅಂಟಿಸಿದರೆ ಆಯಸ್ಸು ಉಳಿಯುತ್ತದೆ ಅಂತ ಎಣಿಸಬೇಡಿ, ಒಳಗೆ ಗಾಳಿ ಹೋಗಿ ಆಗಿದೆ.

ನಮ್ಮ ಊರಿನ ಮಳೆಯೇ ನಿಜವಾದ ಪರೀಕ್ಷೆ. ಮೇ ತಿಂಗಳಲ್ಲಿ ಒಂದು ಬ್ಯಾಟರಿ ಎಂಟು ದಿನ ಬಂತು, ಅಪ್ಪ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಹಾಕುತ್ತಾರೆ. ಜುಲೈಯಲ್ಲಿ ಆರು ದಿನಕ್ಕೆ ಇಳಿಯಿತು. ಹವೆಯಲ್ಲಿ ತೇವ ಜಾಸ್ತಿ ಆದಾಗ ಆ ತೂತುಗಳಿಂದ ನೀರಿನ ಪಸೆ ಒಳಗೆ ಹೋಗುತ್ತದೆ, ಬೆವರು ತೂತಿಗೆ ಕಟ್ಟಿದರೆ ಉಸಿರು ಕಟ್ಟುತ್ತದೆ. ಅಪ್ಪ ತೋಟಕ್ಕೆ ಹೋಗಿ ಬಂದ ದಿನ ಹೀಗೆ ಎರಡು ಸಲ ಸುಮ್ಮನಾಗಿತ್ತು. ತೆಗೆದು ಹತ್ತಿ ಬಟ್ಟೆಯಲ್ಲಿ ಒರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮಾತಾಡಿತು. ರಾತ್ರಿ ಮೆಷಿನಿನ ಬಾಗಿಲು ತೆರೆದು ಇಡಿ. ಮೆಷಿನನ್ನು ತೇವ ಹೀರುವ ಸಿಲಿಕಾ ಡಬ್ಬಿಗೆ ಹಾಕುವಾಗ ಬ್ಯಾಟರಿಯನ್ನು ಹೊರಗೆ ಇಡಿ, ಇಲ್ಲದಿದ್ದರೆ ಅದೂ ಒಣಗುತ್ತದೆ. ಫ್ರಿಜ್ಜಿನಲ್ಲಂತೂ ಇಡಲೇಬೇಡಿ.

ಚಾರ್ಜ್ ಮಾಡುವ ಮೆಷಿನ್ ಬಂದಿದೆ, ಅದನ್ನು ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಅಣ್ಣ ಕೇಳಿದ. ಗಾಳಿ ಮಳೆಗೆ ಇಲ್ಲಿ ಕರೆಂಟ್ ಒಂದೊಂದು ಸಲ ಎರಡು ದಿನ ಬರುವುದಿಲ್ಲ. ಆಗ ಪ್ಯಾಕೆಟಿನಲ್ಲಿ ಬ್ಯಾಟರಿ ಇದ್ದರೆ ಅಪ್ಪನಿಗೆ ಕಿವಿ ಉಂಟು.

ಕೊರತೆ ಒಂದಿದೆ. ಸ್ಟಿಕ್ಕರಿನ ಬಾಲ ತೀರಾ ಗಿಡ್ಡ, ಅಡಿಕೆ ಸುಲಿದು ಒರಟಾದ ಅಪ್ಪನ ಬೆರಳಿಗೆ ಸಿಗುವುದೇ ಇಲ್ಲ. ಪ್ರತಿ ಸಲ ಅಮ್ಮನೋ ನಾನೋ ಕಿತ್ತು ಕೊಡಬೇಕು. ವಯಸ್ಸಾದವರಿಗೇ ಮಾಡುವ ವಸ್ತು ಇದು, ಬಾಲವನ್ನು ಒಂದು ಇಂಚು ಉದ್ದ ಮಾಡಿದರೆ ಎಷ್ಟು ಉಪಕಾರ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೆಯದನ್ನೂ ಎಲ್ಲೆಂದರಲ್ಲಿ ಬಿಡಬೇಡಿ. ಗುಂಡು ಬ್ಯಾಟರಿ ನುಂಗಿ ಅದು ಗಂಟಲ ಕೆಳಗೆ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಸಂಶಯ ಬಂದರೂ ಸಾಕು, ಕಾಯದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ನಾವು ಮುಚ್ಚಳ ಇರುವ ಬಾಟ್ಲಿಯಲ್ಲಿ ಹಾಕಿ ಅಟ್ಟದ ಮೇಲೆ ಇಡುತ್ತೇವೆ.

ಆರು ಬ್ಯಾಟರಿಯ ಪ್ಯಾಕೆಟಿಗೆ ನಾನು ಕೊಟ್ಟದ್ದು 200 ರೂಪಾಯಿ. ಕಿವಿ ಮೆಷಿನನ್ನೇ ಮಾರುವ ಅಂಗಡಿಯಲ್ಲಿ ತೆಗೆದುಕೊಂಡರೆ ಒಳ್ಳೆಯದು, ಅಲ್ಲಿ ಸರಕು ಬೇಗ ಖರ್ಚಾಗುತ್ತದೆ, ಪ್ಯಾಕೆಟಿನ ಹಿಂಬದಿಯಲ್ಲಿರುವ ತಾರೀಕು ನೋಡಿ ಅವಧಿ ಮುಗಿಯಲು ಎರಡು ವರ್ಷವಾದರೂ ಬಾಕಿ ಇರುವುದನ್ನೇ ಕೇಳಿ ಪಡೆಯಿರಿ. ನಾನು ಕಾಸರಗೋಡಿಗೆ ಹೋದಾಗ ಎರಡೆರಡು ಪ್ಯಾಕೆಟ್ ಮಾತ್ರ ತರುತ್ತೇನೆ. ಈಗ ಒಂದೂವರೆ ಉಳಿದಿದೆ, ದೀಪಾವಳಿಯವರೆಗೆ ಸಾಕು. ಬರುವ ಶನಿವಾರ ಮತ್ತೆ ತಾಳಮದ್ದಳೆ ಉಂಟು, ಆ ದಿನಕ್ಕೆ ಹೊಸದೊಂದನ್ನು ಅಪ್ಪ ಈಗಲೇ ಎತ್ತಿಟ್ಟಿದ್ದಾರೆ.